ಥಂಡ್ಯಾಗ ಮುಂಜಾನೆ ಗಾಡಿ ಚಾಲೂ ಆಗವಲ್ದಂದ್ರ ಏನೇನ್ ನೋಡ್ಬೇಕು

ಪೈಲಾ ಒಂದ್ ಮಾತ್ ಹೇಳ್ತೀನ್ರಿ. ಥಂಡ್ಯಾಗ ಹತ್ತದ ಗಾಡಿ ಪರೀಕ್ಷಾ ಮಾಡ್ಲಿಕ್ಕ ದಿನಕ್ಕ ಒಂದೇ ಸಲ ಅವಕಾಶ ಸಿಗ್ತದ, ಅದೂ ಮುಂಜಾನೆ ಪೈಲಾ ಸಲ ಚಾವಿ ತಿರುವಿದಾಗ. ಒಮ್ಮಿ ಇಂಜಿನ್ ಹತ್ತಿ ಹತ್ತ್ ನಿಮಿಷ ಓಡ್ತಂದ್ರ ಮುಗೀತು, ಮರುದಿನ ನಸುಕಿನತನಕ ಆ ಬ್ಯಾನಿ ಮತ್ತ ಕಾಣಂಗಿಲ್ಲ. ನಾವೆಲ್ಲ ಏನ್ ಮಾಡ್ತೀವಂದ್ರ ನಾಕ್ ಮಂದಿ ಕರದು ನೂಕಿಸಿ ಹೆಂಗರೆ ಚಾಲೂ ಮಾಡ್ಕೋತೀವಿ, ದಿನದ ಕೆಲಸ ಮುಗಿಸಿ ಮಧ್ಯಾಹ್ನಕ್ಕ ಮಿಸ್ತ್ರಿ ಬಲ್ಲಿ ಒಯ್ತೀವಿ, ಅವ ಚಾವಿ ತಿರುವ್ತಾನ, ಟಕ್ ಅಂತ ಹತ್ತತದ, "ಗಾಡಿ ಚೊಲೋ ಅದಲ್ರಿ ಅಣ್ಣಾ" ಅಂತಾನ. ಅವಂದೇನೂ ತಪ್ಪಿಲ್ರಿ, ಅವನ ಕಣ್ಣಿಗಿ ಬ್ಯಾನಿ ಕಂಡೇ ಇಲ್ಲ. ಆಮ್ಯಾಲ ಅಂದಾಜಿನ ಮ್ಯಾಲ ಒಂದೊಂದೇ ಸಾಮಾನ್ ಬದ್ಲಿ ಮಾಡ್ಕೋತ ಹೋಗೋದು, ನಮ್ ರೊಕ್ಕ ಹೋಗೋದು.

ನಾ ಆರ್ ವರ್ಷ ಔರಾದ್ ಕಡಿಂದ ಬೀದರಿಗಿ ಹಾಲಿನ ಕ್ಯಾನ್ ತರೋ ಡಿಸೇಲ್ ಪಿಕಪ್ ಹೊಡದೀನ್ರಿ. ಒಂದ್ ಥಂಡಿ ಸೀಜನ್ ಪೂರಾ ಇದೇ ತ್ರಾಸ್ ಆಯ್ತು, ಹೊಸ ಬ್ಯಾಟರಿ ಹಾಕ್ಸಿದೆ, ಸೆಲ್ಫ್ ಮೋಟರ್ ಬಿಚ್ಚಿಸಿ ಕಾರ್ಬನ್ ಹಾಕ್ಸಿದೆ, ನೋಜಲ್ (ಸಿಲಿಂಡರಿಗಿ ಡಿಸೇಲ್ ಚಿಮ್ಮಿಸೋ ಇಂಜೆಕ್ಟರ್) ಚೆಕ್ ಮಾಡ್ಸಿದೆ, ಆದ್ರೂ ಮುಂಜಾನೆ ಹಂಗೇ. ಎರಡ್ ದಿನ ಹಾಲು ಟೈಮಿಗಿ ಮುಟ್ಟದೆ ಒಡದು ಹೋಯ್ತು, ಅದು ನನ್ನ ಹಾಲಲ್ಲ, ಊರಾಗಿನ ಮಂದೀದು, ಅವರ ಮಾರಿ ನೋಡ್ಲಿಕ್ಕ ಆಗ್ಲಿಲ್ಲ ನಂಗ. ಕೊನೀಗಿ ಸಿಕ್ಕಿದ್ದು ಏನ್ ಅಂದ್ರ ಡಿಸೇಲ್ ಲೈನಿನ ಒಂದ್ ಗೇಣ್ ರಬ್ಬರ್ ಪೈಪ್, ಬಿರಕ್ ಬಿಟ್ಟಿತ್ತು. ಅದು ಹೆಂಗ್ ಸಿಕ್ತು ಅನ್ನೋದು ಮುಂದ ಹೇಳ್ತೀನಿ. ನಿಮಗ ಹಂಗ ಆಗಬಾರ್ದಂತ ಇಷ್ಟ್ ಉದ್ದ ಬರಿಲಿಕತ್ತೀನಿ.

ನಮ್ ಬೀದರ್ ಎತ್ತರದ ಮ್ಯಾಲ ಅದ, ಡಿಸೆಂಬರ್ ಜನವರಿದಾಗ ನಸುಕಿನ್ಯಾಗ 10 ಡಿಗ್ರಿಕಿಂತ ಕೆಳಗ ಇಳಿಯೋದು ನಮಗೇನ್ ಹೊಸಾದಲ್ಲ, ಹೊಲದ ಕಡಿ ಇನ್ನೂ ಥಂಡಿ ಇರ್ತದ. ನಮಗ ಅದು ಭಾಳ ಥಂಡಿ ಖರೇ, ಆದ್ರ ಗಾಡಿಗಿ ಅದೇನ್ ಭಾರೀ ಥಂಡಿ ಅಲ್ರಿ. ಲಡಾಖ್ ಕಡಿ ಸೊನ್ನಿಕಿಂತ ಕೆಳಗ ಇಳದಾಗೂ ಇವೇ ಗಾಡಿ ಓಡ್ತಾವ. ಅದಕ್ಕ "ಥಂಡಿ ಬಿದ್ದದ, ಅದಕ್ಕ ಹಿಂಗ ಮಾಡ್ತದ" ಅಂತ ಬಿಟ್ಟು ಕೂಡಬ್ಯಾಡ್ರಿ. 8-10 ಡಿಗ್ರಿದಾಗ ಚೊಲೋ ಇದ್ದ ಗಾಡಿ ಎರಡ್ ಮೂರ್ ಸೆಕೆಂಡಿನ ಸೆಲ್ಫ್ ನ್ಯಾಗ ಹತ್ಲೇಬೇಕು. ಹತ್ತಲ್ಲಂದ್ರ ಒಳಗ ಏನೋ ಕಮ್ಜೋರ್ ಆಗ್ಯದ, ಬ್ಯಾಸಿಗ್ಯಾಗ ಮುಚ್ಚಿಕೊಂಡು ಹೋಗಿತ್ತು, ಥಂಡ್ಯಾಗ ಹೊರಗ ಬಂತು.

ಥಂಡ್ಯಾಗ ಇಂಜಿನ್ ಒಳಗ ಮೂರ್ ಕೆಲಸ ಒಂದೇ ಸಲ ಕೆಡ್ತಾವ. ಬ್ಯಾಟರಿ ಒಳಗಿನ ಕೆಮಿಕಲ್ ಕೆಲಸ ಸಾವಕಾಶ ಆಗ್ತದ, ಕರೆಂಟ್ ಕಮ್ಮಿ ಕೊಡ್ತದ. ಇಂಜಿನ್ ಆಯಿಲ್ ದಪ್ಪ ಆಗ್ತದ, ಅಂದ್ರ ಕಮ್ಮಿ ಕರೆಂಟ್ ಇದ್ದಾಗೇ ಸೆಲ್ಫ್ ಮೋಟರ್ ಹೆಚ್ಚಿಗಿ ಜೋರ್ ಹಾಕ್ಬೇಕು. ಮತ್ತ ಪೆಟ್ರೋಲ್ ಆದ್ರ ಥಂಡ್ಯಾಗ ಆವಿ ಆಗ್ಲಿಕ್ಕ ಒಲ್ಲೆ ಅಂತದ, ಡಿಸೇಲ್ ಇಂಜಿನ್ ಆದ್ರ ಅದಕ್ಕ ಪ್ಲಗ್ಗಿನ ಕಿಡಿ ಇಲ್ಲ, ಗಾಳಿ ಒತ್ತಿ ಬಂದ ಬಿಸಿ ಮ್ಯಾಲೇ ಬೆಂಕಿ ಹತ್ಬೇಕು, ಸಿಲಿಂಡರ್ ಗ್ವಾಡಿ ಥಣ್ಣಗ ಇದ್ರ ಆ ಬಿಸೀನ ಅದೇ ನುಂಗ್ತದ. ಈ ಮೂರರಾಗ ನಿಮ್ ಗಾಡೀದು ಯಾವುದು ಅಂತ ಹಿಡಿಯೋದೇ ಎಲ್ಲಾ ಕೆಲಸ.

ಅದಕ್ಕ ಇವತ್ತ ರಾತ್ರಿ ಗಾಡಿ ನಿಲ್ಸೋ ಮುಂದ ಏನೂ ಬಿಚ್ಚಬ್ಯಾಡ್ರಿ, ಏನೂ ಹೊಸಾದು ಹಾಕಬ್ಯಾಡ್ರಿ. ಮುಂಜಾನೆ ಮನ್ಯಾಗಿನ ಒಬ್ಬರಿಗಿ ಸೈಲೆನ್ಸರ್ ಕಡಿ ಮೊಬೈಲ್ ಹಿಡಿದು ನಿಲ್ಲಿಸ್ರಿ, ವಿಡಿಯೋ ಚಾಲೂ ಇರ್ಲಿ, ಸಪ್ಪಳಾನೂ ಬರ್ತದ ಅದ್ರಾಗ. ನೀವು ಚಾವಿ ತಿರುವ್ರಿ. ಸೆಲ್ಫ್ ಹತ್ತ್ ಸೆಕೆಂಡಿಗಿಂತ ಹೆಚ್ಚಿಗಿ ಹೊಡೀಬ್ಯಾಡ್ರಿ, ಹತ್ತಲಿಲ್ಲಂದ್ರ ಅರ್ಧ ನಿಮಿಷ ಬಿಟ್ಟು ಮತ್ತ ಹೊಡೀರಿ, ಇಲ್ಲಾಂದ್ರ ಮೋಟರ್ ಬಿಸಿ ಆಗಿ ಸುಡ್ತದ. ಎರಡೇ ಪ್ರಶ್ನಿ ಕೇಳ್ಕೋರಿ: ಸೆಲ್ಫ್ ದಿನದಂಗ ಜೋರಾಗಿ ತಿರುಗ್ಲಿಕತ್ತದೋ ಇಲ್ಲಾ ಊಂ... ಊಂ... ಅಂತ ಎಳ್ಳಾಡ್ಲಿಕತ್ತದೋ? ಸೆಲ್ಫ್ ತಿರುಗುವಾಗ ಸೈಲೆನ್ಸರ್ ದಾಂದ ಹೊಗಿ ಬರ್ತದೋ ಇಲ್ಲೋ? ಅರ್ಧಾ ಜವಾಬ್ ಇದ್ರಾಗೇ ಅದ.

ಮೊದ್ಲು ಎಳ್ಳಾಡೋದು ತಗೋರಿ, ನಮ್ ಕಡಿ ಹೆಚ್ಚಿನ ಗಾಡೀದು ಇದೇ ಇರ್ತದ. ಮಂದಿ ಸೀದಾ ಬ್ಯಾಟರಿ ದುಕಾನಿಗಿ ಹೋಗ್ತಾರ. ನಿಲ್ರಿ ಸೊಲ್ಪ. ಎಲೆಕ್ಟ್ರಿಕ್ ದುಕಾನಿನ್ಯಾಗ ಸಣ್ಣ ಡಿಜಿಟಲ್ ಮಲ್ಟಿಮೀಟರ್ ಸಿಗ್ತದ, ಭಾಳ ರೊಕ್ಕ ಇಲ್ಲ, ಒಂದ್ ತಗೋರಿ, ಜನ್ಮಕ್ಕಾಗ್ತದ. 20 ವೋಲ್ಟ್ ಡಿಸಿಗಿ ತಿರುವಿ ಇಡ್ರಿ, ಮುಂಜಾನೆ ಚಾವಿ ಮುಟ್ಟೋ ಮೊದ್ಲ ಬ್ಯಾಟರಿ ಎರಡೂ ಟರ್ಮಿನಲ್ ಮ್ಯಾಲ ಹಿಡೀರಿ. 12.6 ಇತ್ತಂದ್ರ ತುಂಬಿದ ಬ್ಯಾಟರಿ, 12.4 ಅಂದ್ರ ಮುಕ್ಕಾಲು, 12.2 ಅಂದ್ರ ಅರ್ಧ, 12 ಕ್ಕಿಂತ ಕೆಳಗ ಇದ್ರ ಖಾಲಿ ಆಗೇದ ಅಂತ ತಿಳ್ಕೋರಿ. ಆಮ್ಯಾಲ ಮೀಟರ್ ಹಂಗೇ ಹಿಡಿದು ಇನ್ನೊಬ್ಬರಿಗಿ ಸೆಲ್ಫ್ ಹೊಡಿ ಅನ್ರಿ. ಸೆಲ್ಫ್ ಹೊಡಿಯೋ ಮುಂದ ವೋಲ್ಟೇಜ್ ಇಳೀತದ, ಇಳೀಲೇಬೇಕು, ಆದ್ರ 9.6 ಕ್ಕಿಂತ ಕೆಳಗ ಹೋಗಬಾರ್ದು. ನಿಂತಾಗ 12.6 ತೋರಿಸಿ ಸೆಲ್ಫಿಗಿ 7-8ಕ್ಕ ಬಿದ್ರ ಬ್ಯಾಟರಿ ಒಳಗ ಜೀವ ಇಲ್ಲ, ಬದ್ಲಿ ಮಾಡೋದೇ. ಹೊಸ ಗಾಡಿದಾಗ ಇದು ಇನ್ನೂ ಮುಖ್ಯ, ಯಾಕಂದ್ರ ವೋಲ್ಟೇಜ್ ಭಾಳ ಇಳದ್ರ ಗಾಡಿ ಕಂಪ್ಯೂಟರೇ ಬಂದ್ ಬೀಳ್ತದ, ಸೆಲ್ಫ್ ತಿರುಗಿದ್ರೂ ಇಂಜಿನ್ ಹತ್ತಲ್ಲ.

ನಿಂತಾಗೇ 12.2 ಇದ್ರ ಬ್ಯಾಟರಿ ಕೆಟ್ಟಿಲ್ದೇನೂ ಇರಬಹುದು, ಚಾರ್ಜ್ ಆಗ್ಲಿಕತ್ತಿಲ್ಲ ಅಷ್ಟೇ. ಇಂಜಿನ್ ಚಾಲೂ ಆದ್ಮ್ಯಾಲ ಅದೇ ಜಾಗಾದಾಗ ಹಿಡೀರಿ, 13.8 ರಿಂದ 14.5 ನಡುವ ಬರ್ಬೇಕು. 13 ರ ಕೆಳಗೇ ನಿಂತ್ರ ಡೈನಮೋ ಇಲ್ಲಾ ಅದರ ಬೆಲ್ಟ್ ನೋಡ್ಸ್ರಿ. ಇನ್ನೊಂದು, ಊರಾಗೇ ಎರಡ್ ಮೂರ್ ಕಿಲೋಮೀಟರ್ ತಿರುಗಿ ನಿಲ್ಸೋ ಗಾಡಿ ಬ್ಯಾಟರಿ ಯಾವತ್ತೂ ಪೂರಾ ತುಂಬಲ್ಲ, ಒಂದ್ ಸೆಲ್ಫಿಗಿ ಹೋದ ಕರೆಂಟ್ ವಾಪಸ್ ಬರೋದ್ರಾಗೇ ಚಾವಿ ಬಂದ್ ಮಾಡಿರ್ತೀವಿ. ಅಂಥಾ ಗಾಡಿ ವಾರಕ್ಕೊಮ್ಮಿ ಹುಮನಾಬಾದ್ ತನಕರೆ ಹೋಗಿ ಬಂದ್ರ ಬ್ಯಾಟರಿಗಿ ಚೊಲೋ.

ಬ್ಯಾಟರಿ ಬರೋಬ್ಬರಿ ಇದ್ದು ಸೆಲ್ಫ್ ಎಳ್ಳಾಡ್ತಂದ್ರ? ಅಲ್ಲೇ ಮಂದಿ ಮೋಸ ಹೋಗೋದು, ನಾನೂ ಹೋಗೀನಿ. ಟರ್ಮಿನಲ್ ಮ್ಯಾಲ ಬಿಳಿ ಹಸರ್ ಪುಡಿ ಕುಂತಿರ್ತದ, ಇಲ್ಲಾ ಅರ್ಥ್ ವೈರ್ ಬಾಡಿಗಿ ಕೂಡೋ ಜಾಗಾದಾಗ ಜಂಗ್ ಹಿಡದಿರ್ತದ. ಬಲ್ಬ್ ಹತ್ಲಿಕ್ಕ ಅಷ್ಟ್ ದಾರಿ ಸಾಕು, ಸೆಲ್ಫ್ ಮೋಟರ್ ನೂರಾರು ಆಂಪಿಯರ್ ಎಳೀತದ, ಅದಕ್ಕ ಸಾಲಲ್ಲ. ಪರೀಕ್ಷಾ ಹಿಂಗ ಮಾಡ್ರಿ: ಮೀಟರಿನ ಒಂದ್ ಮುಳ್ಳು ಬ್ಯಾಟರಿ ಮೈನಸ್ ಸೀಸದ ಗುಬಟಿ ಮ್ಯಾಲ, ವೈರಿನ ಕ್ಲಿಪ್ ಮ್ಯಾಲ ಅಲ್ಲ, ಇನ್ನೊಂದ್ ಮುಳ್ಳು ಇಂಜಿನ್ ಬ್ಲಾಕಿನ ಚೊಕ್ಕ ಲೋಹದ ಮ್ಯಾಲ, ಆಮ್ಯಾಲ ಸೆಲ್ಫ್ ಹೊಡಿಸ್ರಿ. ಅರ್ಧ ವೋಲ್ಟಿಗಿಂತ ಹೆಚ್ಚಿಗಿ ತೋರಿಸ್ತಂದ್ರ ಅರ್ಥ್ ಲೈನ್ ಕೆಟ್ಟದ ಅಂತ ಪಕ್ಕಾ. ಪ್ಲಸ್ ಕಡೀನೂ ಹಂಗೇ, ಬ್ಯಾಟರಿ ಪ್ಲಸ್ ಗುಬಟಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿಗಿ. ಟರ್ಮಿನಲ್ ಬಿಚ್ಚೋ ಮುಂದ ಮೈನಸ್ ಮೊದ್ಲ ಬಿಚ್ಚಿ, ಹಾಕೋ ಮುಂದ ಮೈನಸ್ ಕೊನೀಗಿ ಹಾಕ್ಬೇಕು, ಪಾನಾ ಬಾಡಿಗಿ ತಾಗಿ ಕಿಡಿ ಹಾರೋದು ತಪ್ತದ. ಬಿಸಿ ನೀರಾಗ ಅಡಿಗಿ ಸೋಡಾ ಕಲಸಿ ತೊಳೀರಿ, ಸೋಡಾ ನೀರು ಬ್ಯಾಟರಿ ಮುಚ್ಚಳದೊಳಗ ಹೋಗಬಾರ್ದು. ಒಣಗಿದ ಮ್ಯಾಲ ಗೀಸಿ ಹೊಳಪು ಬರ್ಸಿ ಬಿಗೀರಿ, ಮ್ಯಾಲ ಸೊಲ್ಪ ವ್ಯಾಸಲಿನ್ ಸವರ್ರಿ. ಜನವರಿದಾಗ ಬೇರೆವ್ರ ಗಾಡಿ ನೋಡ್ಲಿಕ್ಕ ಕರದ್ರಂದ್ರ ನಾ ಮೊದ್ಲು ಮಾಡೋ ಕೆಲಸ ಇದೇ, ಎಷ್ಟೋ ಗಾಡಿ ಇದ್ರಾಗೇ ಸುಧಾರಿಸ್ಯಾವ. ನೀರು ಹಾಕೋ ಬ್ಯಾಟರಿ ಇದ್ರ ಡಿಸ್ಟಿಲ್ಡ್ ವಾಟರೇ ಹಾಕ್ರಿ, ಬೋರ್ ನೀರು ಫಿಲ್ಟರ್ ನೀರು ಎರಡೂ ಬ್ಯಾಡ.

ಸೆಲ್ಫ್ ಎಳ್ಳಾಡ್ಲಿಕ್ಕ ಆಯಿಲ್ ನೂ ಕಾರಣ ಇರ್ತದ. ಡಬ್ಬಿ ಮ್ಯಾಲ 10ಡಬ್ಲ್ಯೂ-30, 20ಡಬ್ಲ್ಯೂ-50 ಅಂತ ಬರದಿರ್ತದಲ್ರಿ, ಡಬ್ಲ್ಯೂಕಿಂತ ಮೊದ್ಲ ಬರೋ ನಂಬರ್ ಥಂಡ್ಯಾಗ ಆಯಿಲ್ ಎಷ್ಟ್ ದಪ್ಪ ಇರ್ತದ ಅಂಬೋದು. ಕಂಪನಿ 10ಡಬ್ಲ್ಯೂ-30 ಹೇಳಿದ ಗಾಡಿಗಿ "ಇಂಜಿನ್ ಹಳೀದಾಗ್ಯದ, ದಪ್ಪಂದು ಹಾಕಿದ್ರ ಸಪ್ಪಳ ಕಮ್ಮಿ ಆಗ್ತದ" ಅಂತ 20ಡಬ್ಲ್ಯೂ-50 ಹಾಕ್ತಾರ, ಸಪ್ಪಳ ಕಮ್ಮಿ ಆಗ್ತದ ಖರೇ, ಮುಂಜಾನೆ ಸೆಲ್ಫ್ ಅಳ್ತದ. ಗಾಡಿ ಪುಸ್ತಕದಾಗ ಏನ್ ಬರದಾರ ಅದೇ ಹಾಕ್ರಿ.

ಈಗ ಡಿಸೇಲ್ ಗಾಡಿ. ಸೆಲ್ಫ್ ಜೋರಾಗಿ ತಿರಗ್ಲಿಕತ್ತದ, ಇಂಜಿನ್ ಹತ್ತವಲ್ದು. ವಿಡಿಯೋ ತಗದು ನೋಡ್ರಿ, ಸೈಲೆನ್ಸರ್ ದಾಗ ಹೊಗಿ ಅದ ಏನ್ ಇಲ್ಲ?

ಹೊಗಿ ಸುದ್ದಾ ಇಲ್ಲಂದ್ರ ಸಿಲಿಂಡರಿಗಿ ಡಿಸೇಲೇ ಹೋಗ್ಲಿಕತ್ತಿಲ್ಲ ಅಂತ ಅರ್ಥ. ಟ್ಯಾಂಕಿನ್ಯಾಗ ಡಿಸೇಲ್ ಅದ, ನಿನ್ನಿ ರಾತ್ರಿ ಗಾಡಿ ಓಡ್ಯದ, ಮತ್ತ ಮುಂಜಾನೆ ಯಾಕ ಹೋಗಲ್ಲಂದ್ರ ಲೈನ್ ಒಳಗ ಎಲ್ಲೋ ಸಣ್ಣಗ ಗಾಳಿ ಒಳಗ ಬರ್ತದ, ರಾತ್ರಿ ಪೂರಾ ಗಾಡಿ ನಿಂತಾಗ ಡಿಸೇಲ್ ಸಾವಕಾಶ ಜಾರಿ ಟ್ಯಾಂಕಿಗಿ ವಾಪಸ್ ಹೋಗ್ತದ, ಮುಂಜಾನೆ ಪಂಪಿನ ಮುಂದ ಬರೀ ಗಾಳಿ. ಇಲ್ಲಿ ಒಂದ್ ಮಜಬೂತ್ ಪರೀಕ್ಷಾ ಅದ. ಡಿಸೇಲ್ ಫಿಲ್ಟರ್ ಬಲ್ಲಿ ಕೈಲೇ ಒತ್ತೋ ಪಂಪ್ ಇರ್ತದಲ್ರಿ, ಸೆಲ್ಫ್ ಹೊಡಿಯೋ ಮೊದ್ಲ ಅದನ್ನ ಒತ್ತಿ ನೋಡ್ರಿ. ಎರಡ್ ಮೂರ್ ಸಲಕ್ಕೇ ಗಟ್ಟಿ ಆದ್ರ ಲೈನ್ ತುಂಬ್ಯದ. ಹದಿನೈದ್ ಇಪ್ಪತ್ ಸಲ ಮೆತ್ತಗ ಹೋಗಿ ಆಮ್ಯಾಲ ಗಟ್ಟಿ ಆಯ್ತು, ಮತ್ತ ಆಗ ಸೆಲ್ಫ್ ಹೊಡದ್ರ ಒಂದೇ ಏಟಿಗಿ ಹತ್ತು ಅಂದ್ರ, ರಾತ್ರಿ ಡಿಸೇಲ್ ಇಳದು ಹೋಗ್ಯದ, ಮತ್ತೇನೂ ನೋಡೋದ್ ಬ್ಯಾಡ.

ಕೈಪಂಪ್ ಇಲ್ಲದ ಗಾಡಿ ಇದ್ರ ಒಂದ್ ರಾತ್ರಿ ಇಳಿಜಾರಿನ್ಯಾಗ ಮೂತಿ ಕೆಳಗ ಮಾಡಿ ನಿಲ್ಲಿಸ್ರಿ, ಟ್ಯಾಂಕ್ ಇಂಜಿನ್ ಕಿಂತ ಎತ್ತರಕ್ಕ ಬರೋ ಹಂಗ. ನಮ್ ಬೀದರ್ ದಾಗ ಇಳಿಜಾರಿಗೇನ್ ಕಮ್ಮಿ ಇಲ್ಲ, ಪಾಪನಾಶ ಕಡಿ ಇಳಿಯೋರಿಗಿ ಗೊತ್ತದ. ಗೇರಿನ್ಯಾಗ ಹಾಕಿ, ಹ್ಯಾಂಡ್ ಬ್ರೇಕ್ ಎಳದು, ಗಾಲಿಗಿ ಕಲ್ಲಿಡೋದು ಮರೀಬ್ಯಾಡ್ರಿ. ಮರುದಿನ ಮುಂಜಾನೆ ಅದೇ ಗಾಡಿ ಅದೇ ಥಂಡ್ಯಾಗ ಟಕ್ಕನ ಹತ್ತು ಅಂದ್ರ ಮತ್ತ ಅದೇ ಮಾತು, ಲೈನಿನ್ಯಾಗ ಗಾಳಿ. ನನ್ನ ಪಿಕಪ್ ಹಿಂಗೇ ಸಿಕ್ಕಿದ್ದು. ಒಂದಿನ ಜಾಗಾ ಇಲ್ಲಂತ ತಮ್ಮನ ಮನಿ ಮುಂದಿನ ಇಳಿಜಾರಿನ್ಯಾಗ ನಿಲ್ಸಿದ್ದೆ, ಅವತ್ತ ಮುಂಜಾನೆ ಎರಡ್ ಸೆಕೆಂಡಿನ್ಯಾಗ ಹತ್ತು. ಅವತ್ತೂ ಅದೇ ಥಂಡಿ, ಅದೇ ಬ್ಯಾಟರಿ, ಅದೇ ನೋಜಲ್, ಬದ್ಲಿ ಆಗಿದ್ದು ಗಾಡಿ ನಿಂತ ಜಾಗಾ ಒಂದೇ. ಅಲ್ಲಿಂದ ತಲಿ ಓಡ್ಲಿಕ್ಕ ಸುರು ಆಯ್ತು.

ಗಾಳಿ ಎಲ್ಲಿಂದ ಬರ್ತದ ಅಂತ ಹುಡಕೋದು ತಾಳ್ಮಿ ಕೆಲಸ. ಡಿಸೇಲ್ ಹೊರಗ ಸೋರಿದ್ರ ಒದ್ದಿ ಕಾಣ್ತದ, ಆದ್ರ ಟ್ಯಾಂಕಿಂದ ಪಂಪಿನ ತನಕ ಲೈನ್ ಎಳಿಯೋ ಲೈನು, ಅಲ್ಲಿ ತೂತು ಇದ್ರ ಹೊರಗ ಸೋರಲ್ಲ, ಗಾಳಿ ಒಳಗ ಹೋಗ್ತದ, ಅದಕ್ಕ ಕಣ್ಣಿಗಿ ಬೀಳಂಗಿಲ್ಲ. ಫಿಲ್ಟರ್ ದಾಂದ ಪಂಪಿಗಿ ಹೋಗೋ ರಬ್ಬರ್ ಪೈಪ್ ತಗದು ಅಷ್ಟೇ ಸೈಜಿನ, ಡಿಸೇಲ್ ತಡಿಯೋ ಪಾರದರ್ಶಕ ಪೈಪ್ ತಾತ್ಪುರತೆ ಹಾಕ್ರಿ, ಇಂಜಿನ್ ಓಡುವಾಗ ಅದ್ರಾಗ ಗುಳ್ಳಿ ಕಾಣ್ಸಿದ್ರ ಗಾಳಿ ಫಿಲ್ಟರ್ ಕಡಿಂದ ಇಲ್ಲಾ ಅದಕ್ಕೂ ಹಿಂದಿಂದ ಬರ್ಲಿಕತ್ತದ. ಆಮ್ಯಾಲ ಅದೇ ಪೈಪ್ ಫಿಲ್ಟರಿನ ಹಿಂದ ಟ್ಯಾಂಕ್ ಕಡಿ ಹಾಕಿ ನೋಡ್ರಿ. ಹಿಂಗ ಒಂದೊಂದ್ ತುಂಡ್ ದಾಟಿಕೋತ ಹೋದ್ರ ಜಾಗಾ ಸಿಗ್ತದ. ಕಾಯಂ ಸಿಗೋದು ಎಲ್ಲಂದ್ರ ಕ್ಲಿಪ್ ಕೆಳಗ ಬಿರಕ್ ಬಿಟ್ಟ ರಬ್ಬರ್ ಪೈಪ್, ಫಿಲ್ಟರ್ ಬದ್ಲಿ ಮಾಡೋ ಮುಂದ ಹಳೀದೇ ಕೂಡ್ಸಿದ ರಬ್ಬರ್ ರಿಂಗ್, ಪೈಪ್ ಕೂಡ್ಸೋ ಯೂನಿಯನ್ ಬೋಲ್ಟಿನ ಕೆಳಗಿನ ತಾಮ್ರದ ವಾಷರ್, ಮತ್ತ ಆ ಕೈಪಂಪೇ. ರಬ್ಬರ್ ಪೈಪ್ ಬೆರಳಿನಿಂದ ಮಡಚಿ ನೋಡ್ರಿ, ಮ್ಯಾಲ ನೋಡಿದ್ರ ಸಾಫ್ ಇರ್ತದ, ಮಡಚಿದಾಗ ಬಿರಕ್ ಬಾಯಿ ಬಿಡ್ತದ. ಬ್ಯಾಸಿಗ್ಯಾಗ ಇಂಜಿನ್ ಬಿಸಿಗಿ ರಬ್ಬರ್ ಮೆತ್ತಗಾಗಿ ಬಿರಕ್ ಕೂಡ್ಕೋತದ, ಥಂಡ್ಯಾಗ ಗಟ್ಟಿ ಆಗಿ ಬಿಚ್ಕೋತದ, ನಂದು ಎಪ್ರಿಲ್ ದಾಗ ತಾನೇ ಸುಧಾರಿಸ್ತಿತ್ತು ಅಂದ್ರ ಇದಕ್ಕ.

ಪೈಪ್ ಬದ್ಲಿ ಆದ್ಮ್ಯಾಲ ಏರ್ ತಗೀಬೇಕು. ಹಳೀ ಗಾಡಿ ಟ್ರ್ಯಾಕ್ಟರ್ ದಾಗ ಫಿಲ್ಟರ್ ಮ್ಯಾಲಿನ ಬ್ಲೀಡ್ ಬೋಲ್ಟ್ ಎರಡ್ ಸುತ್ತು ಸಡ್ಲ ಮಾಡಿ ಕೈಪಂಪ್ ಒತ್ರಿ, ಮೊದ್ಲ ಬುರುಗು ಬರ್ತದ, ಬುರುಗು ನಿಂತು ಚೊಕ್ಕ ಡಿಸೇಲ್ ಬರೋತನಕ ಒತ್ತಿ, ಒತ್ತುಕೋತೇ ಬೋಲ್ಟ್ ಬಿಗೀರಿ. ಕಾಮನ್ ರೇಲ್ (ಕಂಪ್ಯೂಟರ್ ಇಂಜೆಕ್ಷನ್ ಇದ್ದ ಹೊಸ ಡಿಸೇಲ್) ಗಾಡಿದಾಗ ಮಾತ್ರ ಇಂಜೆಕ್ಟರಿಗಿ ಹೋಗೋ ಸ್ಟೀಲ್ ಪೈಪಿನ ನಟ್ ಸಡ್ಲ ಮಾಡ್ಲಿಕ್ಕ ಯಾವತ್ತೂ ಹೋಗಬ್ಯಾಡ್ರಿ, ಅದ್ರಾಗ ನೂರಾರು ಬಾರ್ ಒತ್ತಡ ಇರ್ತದ, ಆ ಸೀರು ಚರ್ಮದಾಗ ಸೂಜಿ ಹಂಗ ಇಳೀತದ, ಕೈ ಕಳ್ಕೊಂಡವ್ರು ಅದಾರ.

ಫಿಲ್ಟರ್ ಕೆಳಗ ನೀರು ತಗಿಯೋ ನಲ್ಲಿ ಇರ್ತದ, ಅದನ್ನೂ ಇದೇ ಹೊತ್ನಾಗ ಬಿಟ್ಟು ನೋಡ್ರಿ.

ಇನ್ನ ಸೆಲ್ಫ್ ಹೊಡಿಯೋ ಮುಂದ ಬೆಳ್ಳನ ಹೊಗಿ ಬರ್ತದ, ಕಣ್ಣು ಉರಿಯೋ ಹಸಿ ಡಿಸೇಲ್ ವಾಸನಿ ಬರ್ತದ, ಇಂಜಿನ್ ಹತ್ತಲ್ಲ ಅಂದ್ರ ಮಾತು ಉಲ್ಟಾ. ಡಿಸೇಲ್ ಹೋಗ್ಲಿಕತ್ತದ, ಸುಡ್ಲಿಕತ್ತಿಲ್ಲ. ಬಿಸಿ ಕಮ್ಮಿ ಬಿದ್ದದ. ಹೀಟರ್ ಪ್ಲಗ್ (ಚಾಲೂ ಆಗೋ ಮೊದ್ಲ ಸಿಲಿಂಡರ್ ಒಳಗ ಬಿಸಿ ಮಾಡೋ ಪ್ಲಗ್) ಇದ್ದ ಗಾಡಿ ಇದ್ರ ಮೊದ್ಲ ಅದೇ ನೋಡ್ರಿ. ಚಾವಿ ಹಾಕಿದಾಗ ಸುರುಳಿ ಗುರ್ತಿನ ಲೈಟ್ ಹತ್ತತದಲ್ರಿ, ಅದು ಆರೋತನಕ ನಿಲ್ರಿ, ಆಮ್ಯಾಲ ಸೆಲ್ಫ್. ಚಾವಿ ಹಾಕಿದ ಕೂಡ್ಲೇ ಹೊಡಿಯೋ ಚಾಳಿ ಭಾಳ ಮಂದಿಗದ, ಹೀಟರ್ ಬಿಸಿ ಆಗ್ಲಿಕ್ಕ ಟೈಮೇ ಕೊಡಲ್ಲ. ಲೈಟ್ ಆರಿದ ಮ್ಯಾಲ ಹೊಡದ್ರೂ ಹತ್ತಲ್ಲಂದ್ರ ಪ್ಲಗ್ ಚೆಕ್ ಮಾಡ್ರಿ. ಲೈಟ್ ಹತ್ತೋದಕ್ಕೂ ಪ್ಲಗ್ ಬಿಸಿ ಆಗೋದಕ್ಕೂ ಸಂಬಂಧ ಇಲ್ಲ, ಎಲ್ಲಾ ಪ್ಲಗ್ ಸತ್ತಿದ್ರೂ ಎಷ್ಟೋ ಗಾಡಿದಾಗ ಲೈಟ್ ಹತ್ತಿ ಆರ್ತದ. ಪ್ಲಗ್ ಮ್ಯಾಲಿನ ವೈರ್ ಇಲ್ಲಾ ಪಟ್ಟಿ ಬಿಚ್ಚಿ, ಮೀಟರ್ ಓಮ್ ಕಡಿ ತಿರುವಿ ಒಂದ್ ಮುಳ್ಳು ಪ್ಲಗ್ ತುದಿಗಿ ಇನ್ನೊಂದು ಇಂಜಿನ್ ಬಾಡಿಗಿ ಹಿಡೀರಿ. ಚೊಲೋ ಪ್ಲಗ್ ಒಂದ್ ಎರಡ್ ಓಮ್ ಒಳಗೇ ತೋರಸ್ತದ. ಏನೂ ತೋರಸ್ಲಿಲ್ಲಂದ್ರ ಅದು ಸತ್ತದ. ನಾಕ್ ಪ್ಲಗ್ಗಿನ್ಯಾಗ ಒಂದ್ ಹೋದ್ರ ಗಾಡಿ ಹತ್ತತದ ಆದ್ರ ಒಂದರ್ಧ ನಿಮಿಷ ಅಲಗಾಡಿ ಬಿಳಿ ಹೊಗಿ ಬಿಡ್ತದ, ಎರಡ್ ಮೂರ್ ಹೋದ್ರ ನೂಕೋ ಪಾಳಿ ಬರ್ತದ. ಎಲ್ಲಾ ಪ್ಲಗ್ ಚೊಲೋ ಇದ್ರ ಚಾವಿ ಹಾಕಿದಾಗ ಆ ಪಟ್ಟಿಗಿ 12 ವೋಲ್ಟ್ ಬರ್ತದೋ ಇಲ್ಲೋ ನೋಡ್ರಿ, ಬರಲ್ಲಂದ್ರ ಫ್ಯೂಜ್, ರಿಲೇ. ಸತ್ತ ಪ್ಲಗ್ ಬಿಚ್ಚೋ ಕೆಲಸ ಮಿಸ್ತ್ರಿಗಿ ಬಿಡ್ರಿ, ಜಂಗ್ ಹಿಡದು ಒಳಗೇ ಮುರೀತಂದ್ರ ಹೆಡ್ ಬಿಚ್ಚೋತನಕ ಹೋಗ್ತದ.

ಬಿಳಿ ಹೊಗಿ ಅಂದಾಗ ಇನ್ನೊಂದು ನೆನಪಿಡ್ರಿ. ರೇಡಿಯೇಟರ್ ಡಬ್ಬಿದಾಗಿನ ಕೂಲಂಟ್ ದಿನಾ ಸೊಲ್ಪ ಸೊಲ್ಪ ಇಳೀಲಿಕತ್ತದ, ಹೊರಗ ಎಲ್ಲೂ ಸೋರಿಲ್ಲ, ಹತ್ತಿದ ಮ್ಯಾಲೂ ಭಾಳ ಹೊತ್ತು ಆವಿ ಹಂಗ ಹೊಗಿ ಬರ್ತದ ಅಂದ್ರ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ ಮತ್ತ ಬ್ಲಾಕಿನ ನಡುವಿನ ಪ್ಯಾಕಿಂಗ್) ದಾಂದ ನೀರು ಸಿಲಿಂಡರಿಗಿ ಇಳೀಲಿಕತ್ತದ. ಅಂಥಾ ಗಾಡಿ ಮತ್ತ ಮತ್ತ ಸೆಲ್ಫ್ ಹೊಡೀಬ್ಯಾಡ್ರಿ, ನೀರು ಒತ್ತಿ ಹೋಗಲ್ಲ, ಕನೆಕ್ಟಿಂಗ್ ರಾಡ್ ಬೆಂಡ್ ಆಗ್ತದ.

ಕಬ್ಬಿನ ಸೀಜನ್ ದಾಗ ಭಾಲ್ಕಿ ಹುಮನಾಬಾದ್ ಕಡಿ ಟ್ರ್ಯಾಕ್ಟರ್ ರಾತ್ರೆಲ್ಲ ಪಾಳಿ ಹಚ್ಚಿ ನಿಂತಿರ್ತಾವ, ನಸುಕಿನ್ಯಾಗ ಲೈನ್ ಮುಂದ ಸರಿಯೋ ಹೊತ್ತಿಗಿ ಒಂದ್ ಹತ್ತಲ್ಲಂದ್ರ ಹಿಂದಿನವ್ರು ಹಾರ್ನ್ ಹೊಡೀಲಿಕ್ಕ ಸುರು ಮಾಡ್ತಾರ. ಆ ಗಡಿಬಿಡಿದಾಗ ಏರ್ ಕ್ಲೀನರ್ ಪೈಪ್ ತಗದು ಪೆಟ್ರೋಲ್ ಅರಿವಿ ಹಿಡಿಯೋದು, ಇಲ್ಲಾ ಈಥರ್ ಸ್ಪ್ರೇ ಹೊಡಿಯೋದು ಮಾಡ್ತಾರ. ದಯಮಾಡಿ ಬ್ಯಾಡ್ರಿ. ಹೀಟರ್ ಇದ್ದ ಗಾಡಿದಾಗ ಈಥರ್ ಹೊಡದ್ರ ಕಾದ ಹೀಟರಿಗಿ ತಾಗಿ ಹೊತ್ತಿಲ್ಲದ ಹೊತ್ನಾಗ ಬಡಿತದ, ಪಿಸ್ಟನ್ ರಿಂಗ್ ಮುರೀತದ, ಇಂಟೇಕ್ ಪೈಪ್ ಹಾರಿ ಮಾರಿಗಿ ಬರ್ತದ. ಚೇಂಬರ್ (ಇಂಜಿನ್ ಆಯಿಲ್ ಇರೋ ತಳ) ಕೆಳಗ ಕಟಗಿ ಬೆಂಕಿ ಹಚ್ಚೋದೂ ನೋಡೀನಿ, ಕೆಳಗ ಆಯಿಲ್ ಹತ್ತಿರ್ತದ, ಬಾಜೂಕ ಡಿಸೇಲ್ ಪೈಪ್ ಇರ್ತದ, ಹಿಂದ ಟ್ರಾಲಿ ತುಂಬ ಒಣ ರವದಿ. ಜೀವ ಮುಖ್ಯ. ಇನ್ನೊಂದ್ ಗಾಡಿ ಬ್ಯಾಟರಿಂದ ಜಂಪರ್ ವೈರಿನ ಮ್ಯಾಲ ಕರೆಂಟ್ ಕೊಡ್ರಿ: ಪ್ಲಸ್ಸಿಗಿ ಪ್ಲಸ್, ಆಮ್ಯಾಲ ಚೊಲೋ ಬ್ಯಾಟರಿ ಮೈನಸ್ಸಿಂದ ಬಂದ ವೈರ್ ಬಂದ್ ಬಿದ್ದ ಗಾಡಿ ಇಂಜಿನ್ ಬಾಡಿಗಿ, ಬ್ಯಾಟರಿಯಿಂದ ದೂರ, ಯಾಕಂದ್ರ ಬ್ಯಾಟರಿ ಮ್ಯಾಲ ಹೈಡ್ರೋಜನ್ ಗ್ಯಾಸ್ ಇರ್ತದ, ಕಿಡಿ ಹಾರಿದ್ರ ಬ್ಯಾಟರಿ ಒಡೀತದ.

ಬೈಕ್ ಮಾತಿಗಿ ಬರೋಣ್ರಿ. 2020ರ ಎಪ್ರಿಲ್ ದಾಗ ಬಿಎಸ್6 (ಹೊಗಿ ಕಮ್ಮಿ ಮಾಡೋ ಸರಕಾರದ ನಿಯಮ) ಬರೋಕಿಂತ ಮೊದಲಿನ ನೂರು ಸಿಸಿ ಬೈಕ್ ಹೆಚ್ಚಿನವು ಕಾರ್ಬುರೇಟರಿನವು. ಅವಕ್ಕ ಚೋಕ್ ಇರ್ತದ, ಮತ್ತ ಇವತ್ತಿನ ಹುಡುಗುರು ಭಾಳ ಮಂದಿ ಆ ಚೋಕ್ ಮುಟ್ಟೇ ಇಲ್ಲ, ಎಕ್ಸಲೇಟರ್ ತಿರುವಿ ತಿರುವಿ ಕಿಕ್ ಹೊಡೀತಾರ. ಚೋಕ್ ಎಳದಾಗ ಎಕ್ಸಲೇಟರ್ ಮುಟ್ಟಬಾರ್ದು, ತಿರುವಿದ್ರ ಗಾಳಿ ಒಳಗ ಹೋಗಿ ಚೋಕಿನ ಕೆಲಸ ಹಾಳಾಗ್ತದ. ಚಾವಿ ಆಫ್ ಇಟ್ಟು ಚೋಕ್ ಎಳದು ಮೂರ್ ನಾಕ್ ಸಲ ಸಾವಕಾಶ ಕಿಕ್ ತುಳೀರಿ, ಆಮ್ಯಾಲ ಚಾವಿ ಆನ್ ಮಾಡಿ ಒಂದ್ ಜೋರ್ ಕಿಕ್. ಚೋಕ್ ಹಾಕಿದ್ರ ಹತ್ತಿ, ಚೋಕ್ ಬಿಟ್ಟ ಕೂಡ್ಲೇ ಬಂದ್ ಬೀಳ್ತಂದ್ರ, ಇಂಜಿನ್ ಬಿಸಿ ಆದ್ಮ್ಯಾಲೂ ಹಂಗೇ ಮಾಡ್ತಂದ್ರ, ಕಾರ್ಬುರೇಟರಿನ ಸಣ್ಣ ಪೈಲಟ್ ಜೆಟ್ ಕಟ್ಟ್ಯದ, ಅದನ್ನ ಬಿಚ್ಚಿ ಗಾಳಿ ಹೊಡಿಸ್ರಿ, ತಂತಿ ಹಾಕಿ ಚುಚ್ಚಬ್ಯಾಡ್ರಿ ತೂತು ದೊಡ್ಡದಾಗ್ತದ.

ಎಷ್ಟ್ ಕಿಕ್ ಹೊಡದ್ರೂ ಹತ್ತಲ್ಲಂದ್ರ ಪ್ಲಗ್ ಬಿಚ್ಚಿ ತುದಿ ನೋಡ್ರಿ. ಒಣಗಿ ಇದ್ರ ಪೆಟ್ರೋಲ್ ಬರ್ಲಿಕತ್ತಿಲ್ಲ. ಪೆಟ್ರೋಲಿನಿಂದ ಒದ್ದಿ ಇದ್ರ ಪೆಟ್ರೋಲ್ ಬಂದದ, ಒಂದೋ ಕಿಡಿ ಬರ್ಲಿಕತ್ತಿಲ್ಲ, ಇಲ್ಲಾಂದ್ರ ಪೆಟ್ರೋಲ್ ಹೆಚ್ಚಿಗಿ ಬಂದು ಪ್ಲಗ್ ಮುಳುಗ್ಯದ. ಒರಸಿ ಒಣಗಿಸಿ, ಚೋಕ್ ಬಿಟ್ಟು ಎಕ್ಸಲೇಟರ್ ಪೂರಾ ತಿರುವಿ ಆರೇಳ್ ಕಿಕ್ ಹೊಡದು ಒಳಗಿಂದು ಹೊರಗ ಹಾಕ್ರಿ. ಪ್ಲಗ್ ಚಹಾದ ಬಣ್ಣ ಇದ್ರ ಚೊಲೋ, ಕರಿ ಮಸಿ ಇದ್ರ ಏರ್ ಫಿಲ್ಟರ್ ನೋಡ್ರಿ, ಆಯಿಲ್ ಹತ್ತಿದ್ರ ಪಿಸ್ಟನ್ ರಿಂಗ್ ಇಲ್ಲಾ ವಾಲ್ (ವಾಲ್ವ್) ಸೀಲ್ ಹೋಗ್ಯದ. ಹೊಸ ಪ್ಲಗ್ ಭಾಳ ಸೋವಿ ಅದ, ಅನುಮಾನ ಇದ್ರ ಹಾಕಿಬಿಡ್ರಿ. ಮತ್ತ ನಸುಕಿನ ಕತ್ತಲ್ಯಾಗ ಒಂದ್ ಚೊಲೋ ಪರೀಕ್ಷಾ ಅದ: ಮಂಜು ಬಿದ್ದ ದಿನ ಲೈಟ್ ಆರ್ಸಿ ಸೆಲ್ಫ್ ಇಲ್ಲಾ ಕಿಕ್ ಹೊಡಿಯೋ ಮುಂದ ಪ್ಲಗ್ ಕ್ಯಾಪ್ ಕಡಿ ನೋಡ್ರಿ, ಬಿರಕ್ ಇದ್ರ ಅಲ್ಲಿಂದ ನೀಲಿ ಕಿಡಿ ಹೊರಗ ಹಾರೋದು ಕಣ್ಣಿಗಿ ಕಾಣ್ತದ. ಹಗಲ ಹೊತ್ನಾಗ ಮಿಸ್ತ್ರಿಗಿ ಇದು ಕಾಣೋ ಸಾಧ್ಯನೇ ಇಲ್ಲ.

ಎಫ್ಐ (ಕಾರ್ಬುರೇಟರ್ ಬದ್ಲಿ ಫ್ಯುಯೆಲ್ ಇಂಜೆಕ್ಷನ್ ಇದ್ದ) ಬೈಕ್, ಪೆಟ್ರೋಲ್ ಕಾರ್ ಇದ್ರ ಚಾವಿ ಆನ್ ಮಾಡಿ ಎರಡ್ ಮೂರ್ ಸೆಕೆಂಡ್ ಪಂಪಿನ ಗುಂಯ್ ಅನ್ನೋ ಸಪ್ಪಳ ಮುಗಿಯೋತನಕ ನಿಲ್ರಿ. ಪಂಪಿನ ಸಪ್ಪಳಾನೇ ಇಲ್ಲಂದ್ರ ಫ್ಯೂಜ್ ರಿಲೇ ಪಂಪ್. ಸಪ್ಪಳ ಅದ ಹತ್ತಲ್ಲ ಅಂದ್ರ ಚಾವಿ ಮೂರ್ ಸಲ ಆನ್ ಆಫ್ ಮಾಡಿ, ಪ್ರತಿ ಸಲ ಸಪ್ಪಳ ಮುಗಿಯಾಕ ಬಿಟ್ಟು, ಆಮ್ಯಾಲ ಸೆಲ್ಫ್ ಹೊಡೀರಿ. ಈಗ ಹತ್ತು ಅಂದ್ರ ರಾತ್ರಿ ಲೈನಿನ ಒತ್ತಡ ಇಳದು ಹೋಗ್ಲಿಕತ್ತದ, ಪಂಪ್ ಒಳಗಿನ ವಾಲ್ ಇಲ್ಲಾ ಸೋರೋ ಇಂಜೆಕ್ಟರ್. ಹಂಗೂ ಹತ್ತಲ್ಲ, ಬಿಸಿ ಇದ್ದಾಗ ಮಾತ್ರ ಅಗದಿ ಚೊಲೋ ಹತ್ತತದ ಅಂದ್ರ ಟೆಂಪರೇಚರ್ ಸೆನ್ಸಾರ್ ನೋಡ್ಸ್ರಿ. ಅದು ಸುಳ್ಳು ಹೇಳಿದ್ರ ಕಂಪ್ಯೂಟರ್ ಇಂಜಿನ್ ಬಿಸಿ ಅದ ಅಂತ ತಿಳ್ಕೊಂಡು ಪೆಟ್ರೋಲ್ ಕಮ್ಮಿ ಬಿಡ್ತದ. ಇದಕ್ಕ ಸ್ಕ್ಯಾನರ್ ಹಚ್ಚಿ ಮುಂಜಾನೆ ಥಣ್ಣಗಿದ್ದಾಗೇ ನೋಡ್ಬೇಕು, 10 ಡಿಗ್ರಿ ಹೊರಗ ಇದ್ದು ಸೆನ್ಸಾರ್ 60 ತೋರಸ್ತಂದ್ರ ಕಳ್ಳ ಸಿಕ್ಕಂಗೇ. ಇನ್ನ ಈಗಿನ ಪೆಟ್ರೋಲಿನ್ಯಾಗ ನೂರಕ್ಕ 20ರ ತನಕ ಎಥೆನಾಲ್ ಇರ್ತದ, ಅದು ಆವಿ ಆಗ್ಲಿಕ್ಕ ಪೆಟ್ರೋಲ್ ಕಿಂತ ಹೆಚ್ಚಿಗಿ ಬಿಸಿ ಬೇಡ್ತದ, ಗಾಳ್ಯಾಗಿನ ತೇವಾನೂ ಎಳಕೋತದ, ಅದಕ್ಕ ವಾರಗಟ್ಟಲೆ ನಿಲ್ಸೋ ಗಾಡಿ ಟ್ಯಾಂಕ್ ಅರ್ಧಾ ಖಾಲಿ ಇಟ್ಟು ನಿಲ್ಲಸಬ್ಯಾಡ್ರಿ.

ಮೂರ್ ದಿನದ ಮುಂಜಾನೆ ಹಿಂಗ ನೋಡಿ ಬರದಿಟ್ಕೊಂಡು, ಆ ವಿಡಿಯೋ ಹಿಡ್ಕೊಂಡು ಮಿಸ್ತ್ರಿ ಬಲ್ಲಿ ಹೋಗ್ರಿ. "ಅಣ್ಣಾ ಸೆಲ್ಫ್ ಜೋರದ, ಹೊಗಿ ಇಲ್ಲ, ಕೈಪಂಪ್ ಹದಿನೆಂಟ್ ಸಲ ಒತ್ತಿದ ಮ್ಯಾಲ ಹತ್ತು" ಅಂತ ಹೇಳಿದ್ರ ಅವ ಸೀದಾ ಆ ಜಾಗಾಕ್ಕೇ ಕೈ ಹಾಕ್ತಾನ. ಗಾಡಿ ಸಂಜಿಗಿ ಬಿಟ್ಟು ಬರ್ರಿ, ರಾತ್ರಿ ಅಲ್ಲೇ ನಿಲ್ಲಲಿ, ಮುಂಜಾನೆ ಅವನೇ ಪೈಲಾ ಸೆಲ್ಫ್ ಹೊಡೀಲಿ.

ಬ್ಯಾಟರಿ, ಅರ್ಥ್, ಡಿಸೇಲ್ ಲೈನ್, ಹೀಟರ್ ಎಲ್ಲಾ ಬರೋಬ್ಬರಿ ಅದ, ಆದ್ರೂ ಬಿಳಿ ಹೊಗಿ ಬಿಟ್ಟು ಹತ್ತವಲ್ದು, ಆಯಿಲ್ ಕುಡೀತದ, ಓಡೋ ಮುಂದ ಆಯಿಲ್ ಮುಚ್ಚಳ ತಗದ್ರ ಉಸುರು ಬಿಟ್ಟಂಗ ಹೊಗಿ ಬರ್ತದ ಅಂದ್ರ ಕಂಪ್ರೆಷನ್ (ಸಿಲಿಂಡರ್ ಒಳಗ ಗಾಳಿ ಒತ್ತೋ ತಾಕತ್ತು) ಹೋಗಿರ್ತದ. "ಇಂಜಿನ್ ಕೆಲಸ ಬಂದದ" ಅಂತ ಯಾರರೆ ಹೇಳಿದ್ರ ಬಿಚ್ಚೋ ಮೊದ್ಲ ಕಂಪ್ರೆಷನ್ ಗೇಜ್ ಹಚ್ಚಿ ಪ್ರತಿ ಸಿಲಿಂಡರಿನ ನಂಬರ್ ನಿಮ್ ಕಣ್ಣ ಮುಂದ ಬರಸ್ರಿ, ಆಮ್ಯಾಲ ಪೆಟ್ರೋಲ್ ಗಾಡಿ ಇದ್ರ ಪ್ಲಗ್ಗಿನ ತೂತಿನ್ಯಾಗ ಒಂದ್ ಚಮಚಾ ಆಯಿಲ್ ಬಿಟ್ಟು ಮತ್ತ ಬರಸ್ರಿ. ನಂಬರ್ ಏರ್ತಂದ್ರ ರಿಂಗ್ ಹೋಗ್ಯಾವ. ಏರಲಿಲ್ಲಂದ್ರ ವಾಲ್ ಕಡಿ ಸೋರ್ಲಿಕತ್ತದ, ಮೊದ್ಲ ವಾಲ್ ಸೆಟ್ಟಿಂಗ್ ಇಂಜಿನ್ ಥಣ್ಣಗಿದ್ದಾಗ ಮಾಡ್ಸಿ ನೋಡ್ರಿ, ಬಿಗಿ ಆಗಿದ್ದ ವಾಲ್ ಸೊಲ್ಪ ಸಡ್ಲ ಮಾಡಿದ್ರೇ ಹತ್ತಿದ ಗಾಡಿ ನಾ ನೋಡೀನಿ, ಅದಕ್ಕ ಇಂಜಿನ್ ಬಿಚ್ಚೋದೇ ಬ್ಯಾಡ.